ಲಗತ್ತಿನಲ್ಲಿ ಬಂದ ವಿಷ



ನಾನು ಹುಡುಗನಾಗಿದ್ದ ಕಾಲದಲ್ಲಿ ನಮ್ಮ ಓಣಿಯ ಯಾರ ಮನೆಗಾದರೂ ತಾರು ಬಂತೆಂದರೆ ಓಣಿಗೆ ಓಣಿಯೇ ಸ್ತಬ್ಧವಾಗುತ್ತಿತ್ತು. ಅದನ್ನು ಒಡೆಯುವ ಮೊದಲೇ ಹೆಂಗಸರು ಕಣ್ಣಿಗೆ ಸೆರಗು ಹಚ್ಚುತ್ತಿದ್ದರು. ಓದಬಲ್ಲ ಒಬ್ಬರನ್ನು ಕರೆಸಿ, ಕೂಡಿಸಿ, ಕುಡಿಯಲು ನೀರು ಕೊಟ್ಟು, ಆಮೇಲೆ ಒಡೆಯುವುದು. ಎಷ್ಟೋ ಸಲ ಅದರಲ್ಲಿ ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿಯೇ ಇರುತ್ತಿತ್ತು; ಅತ್ತವರೇ ನಗುತ್ತಿದ್ದರು. 2013ರ ಜುಲೈ ತಿಂಗಳಿನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಅದರೊಡನೆ, ಬಂದ ಕಾಗದವನ್ನು ಒಡೆಯುವ ಮುಂಚಿನ ಆ ಒಂದು ಗಳಿಗೆಯ ಅಂಜಿಕೆಯೂ ನಮ್ಮಿಂದ ದೂರವಾಯಿತೆಂದು ತೋರುತ್ತದೆ. ಈಗ ದಿನಕ್ಕೆ ಹತ್ತಾರು ಪತ್ರಗಳು ಬರುತ್ತವೆ; ಬೆರಳು ತಾಗಿತೋ ಇಲ್ಲವೋ, ತೆರೆದುಕೊಳ್ಳುತ್ತವೆ. ಆ ಹಳೆಯ ಅಂಜಿಕೆ ನನ್ನಲ್ಲಿ ಒಂದಿಷ್ಟು ಉಳಿದಿದ್ದರೆ ಇಂದು ನಿಮ್ಮೆದುರು ಈ ಮಾತುಗಳನ್ನು ಆಡುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ಆಳಂದ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುವ ಕನ್ನಡ ಮೇಷ್ಟ್ರು. ಹಾಗಾದರೆ ಕಂಪ್ಯೂಟರಿಗೆ ತಗಲುವ ಸೋಂಕಿನ ವಿಚಾರ ಹೇಳಲು ಈತನಿಗೇನು ಅಧಿಕಾರವೆಂದು ನೀವು ಕೇಳಬಹುದು. ಹಳ್ಳದ ಆಳವನ್ನು ಅಳೆದವನು ಹೇಳುವುದು ಒಂದು ಬಗೆ. ಅದರಲ್ಲಿ ಬಿದ್ದು ಎದ್ದವನು ಹೇಳುವುದು ಇನ್ನೊಂದು ಬಗೆ. ನಾನು ಎರಡನೆಯ ಪಂಗಡದವನು. ಬಿದ್ದ ಮೇಲೆ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ನಡೆದ ಸಂಗತಿ. ಇಪ್ಪತ್ತು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ತಿರುಗಾಡಿ ಹಾಡುಗಳನ್ನು ಬರೆದುಕೊಳ್ಳುವುದು ನನ್ನ ಹವ್ಯಾಸ. ಮಾದನ ಹಿಪ್ಪರಗಿಯ ಬೀಸುವ ಪದಗಳು, ಕರಜಗಿಯ ಕಡೆಯ ಮೊಹರಮ್ಮಿನ ರಿವಾಯತ ಪದಗಳು, ನೆಲೋಗಿಯ ಸೋಬಾನೆ ಹಾಡುಗಳು, ಹೀಗೆ. ಮೊದಲು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಕಂಪ್ಯೂಟರು ಮನೆಗೆ ಬಂದ ಮೇಲೆ ಅದರಲ್ಲಿ ಬೆರಳಚ್ಚು ಮಾಡತೊಡಗಿದೆ. ಕೊನೆಕೊನೆಗೆ ನೋಟುಬುಕ್ಕನ್ನೇ ಬಿಟ್ಟು, ಮೊಬೈಲಿನಲ್ಲಿ ಧ್ವನಿ ಹಿಡಿದುಕೊಂಡು ಬಂದು ನೇರವಾಗಿ ಅಚ್ಚು ಮಾಡಿ, ಮೊಬೈಲಿನಲ್ಲಿ ಜಾಗ ಸಾಲದೆಂದು ಆ ಧ್ವನಿಯನ್ನು ಅಳಿಸಿಬಿಡುತ್ತಿದ್ದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೆಲವು ವರ್ಷಗಳ ಕೆಳಗೆ ಮಾರ್ಚಿ ತಿಂಗಳ ಒಂದು ಶನಿವಾರ ಸಂಜೆ. ವಾರ್ಷಿಕ ಪರೀಕ್ಷೆಯ ಗಡಿಬಿಡಿ. ಪರಿಚಿತರಾದ ಒಬ್ಬ ಶಿಕ್ಷಕರ ಹೆಸರಿನಿಂದ ಒಂದು ಇ-ಮೇಲ್ ಬಂದಿತು. ನಾನು ಹಿಂದೊಮ್ಮೆ ಅವರಿಗೆ ಬರೆದಿದ್ದ ಪತ್ರಕ್ಕೇ ಉತ್ತರವೆಂಬಂತೆ, ನನ್ನ ಹಳೆಯ ವಾಕ್ಯಗಳೂ ಅದರ ಕೆಳಗೆ ಇದ್ದುವು. ಮೇಲೆ ಎರಡೇ ಸಾಲು: ಪರಿಷ್ಕೃತ ವೇತನದ ಪಟ್ಟಿಯನ್ನು ಲಗತ್ತಿಸಿದೆ, ಇಂದೇ ನೋಡಿ ತಿಳಿಸಬೇಕು ಎಂದು. ನಮ್ಮ ಕಚೇರಿಗಳ ಕಾಗದಪತ್ರಗಳಲ್ಲಿ ‘ಲಗತ್ತು’ ಎಂಬ ಮಾತು ನಿಮಗೆಲ್ಲ ಪರಿಚಿತವೇ. ವೇತನವೆಂದ ಮೇಲೆ ಮೇಷ್ಟ್ರ ಕೈ ನಿಲ್ಲುವುದುಂಟೆ? ಲಗತ್ತನ್ನು ತೆರೆದೆ. ಏನೂ ಕಾಣಲಿಲ್ಲ. ಮತ್ತೊಮ್ಮೆ ತೆರೆದೆ. ಕರಿಯ ಕಿಟಕಿಯೊಂದು ಮಿಂಚಿನಂತೆ ಕಂಡು ಮಾಯವಾಯಿತು. ಕಡತವೇ ಕೆಟ್ಟಿರಬೇಕೆಂದು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ನೋಡುತ್ತೇನೆ, ವಿಳಾಸದಾರರು ಸಿಗಲಿಲ್ಲವೆಂದು ಏಳೆಂಟು ಪತ್ರಗಳು ನನಗೇ ಹಿಂತಿರುಗಿ ಬಂದಿವೆ. ಅವೊಂದನ್ನೂ ನಾನು ಬರೆದಿರಲಿಲ್ಲ. ಆಗಲೇ ನನಗೆ ತಿಳಿಯಿತು, ಎಲ್ಲಿಯೋ ಎಡವಟ್ಟಾಗಿದೆ ಎಂದು. ಆದರೆ ಶ್ರೋತೃಗಳೆ, ನಾನು ಯಾರಿಗೂ ಹೇಳಲಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವ ಮೇಷ್ಟ್ರು ಇಷ್ಟು ಸುಲಭವಾಗಿ ಮೋಸಹೋದನೆಂದು ನಾಲ್ಕು ಜನ ಆಡಿಕೊಂಡಾರೆಂಬ ಸಂಕೋಚ. ಸೋಮವಾರ ನೋಡೋಣವೆಂದು ಮುಂದೂಡಿದೆ. ಕಂಪ್ಯೂಟರು ದಿನವೆಲ್ಲ ಅಂತರ್ಜಾಲಕ್ಕೆ ಜೋಡಿಸಿಯೇ ಇತ್ತು.

ಸೋಮವಾರ ಮುಂಜಾನೆ ಜೇವರ್ಗಿಯಿಂದ ಒಬ್ಬ ಸ್ನೇಹಿತರು ಫೋನು ಮಾಡಿದರು. “ಯಾಕ್ರೀ ಸರ, ಪಗಾರದ ಪಟ್ಟಿ ನೀವು ನನಗ ಯಾಕ ಕಳಸೀರಿ? ತೆರೀಬೇಕೋ ಬ್ಯಾಡೋ ಕೇಳೂಣಂತ ಹಚ್ಚಿದೆ” ಎಂದರು. ಬೇಡವೆಂದು ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಅರ್ಧ ತಾಸಿನಲ್ಲಿ ಅಫಜಲಪುರದಿಂದ ಇನ್ನೊಬ್ಬರ ಫೋನು. “ನಿಮ್ಮ ಕಾಗದ ತೆರೀಲಿಕ್ಕೇ ಒಲ್ದು ನೋಡ್ರಿ, ಮೂರು ಸರ್ತಿ ಒತ್ತಿದೆ.” ಅವರು ಅದನ್ನು ತೆರೆದದ್ದು ತಮ್ಮ ಶಾಲೆಯ ಕಂಪ್ಯೂಟರಿನಲ್ಲಿ. ನಾನು ಭಾನುವಾರವೇ ನಾಲ್ಕು ಮಂದಿಗೆ ಫೋನು ಮಾಡಿದ್ದರೆ ಅವರಿಗೆ ಆ ಕಷ್ಟ ತಪ್ಪುತ್ತಿತ್ತು. ಲಗತ್ತನ್ನು ತೆರೆದದ್ದು ನನ್ನ ಅಜ್ಞಾನ. ಭಾನುವಾರದ ಮೌನ ನನ್ನ ತಪ್ಪು. ಇವೆರಡರಲ್ಲಿ ಇಂದಿಗೂ ನನ್ನನ್ನು ಚುಚ್ಚುವುದು ಎರಡನೆಯದು.

ಅಂದು ಸಂಜೆ ನನ್ನ ಕಂಪ್ಯೂಟರನ್ನು ತೆರೆದಾಗ ಹಾಡುಗಳ ಕಡತಗಳೆಲ್ಲ ತಮ್ಮ ಹೆಸರಿನ ಕೊನೆಗೆ ಅರ್ಥವಿಲ್ಲದ ಬಾಲಗಳನ್ನು ಕಟ್ಟಿಕೊಂಡು ನಿಂತಿದ್ದುವು. ಒಂದೂ ತೆರೆಯದು. ನಡುವೆ ಇಂಗ್ಲಿಷಿನಲ್ಲಿ ಒಂದು ಪತ್ರ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಕೀಲಿ ಕೊಡುತ್ತೇವೆ ಎಂದು. ಮನೆಯ ಕೀಲಿಯನ್ನು ಕಳ್ಳನೇ ನಮಗೆ ಮಾರುವ ವ್ಯಾಪಾರ ಇದು.

ಇನ್ನು ಇದರ ಒಳಮರ್ಮವನ್ನು ತಿಳಿಯೋಣ. ‘ವೈರಸ್’ ಎಂಬುದು ಲ್ಯಾಟಿನ್ ಮಾತು. ವಿಷವೆಂದೇ ಅದರ ಅರ್ಥ. ನಮ್ಮ ಸಂಸ್ಕೃತದ ‘ವಿಷ’ ಶಬ್ದಕ್ಕೆ ಅದು ದಾಯಾದಿಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಇರುವ ವಸ್ತುಗಳು ಎರಡು ಬಗೆ. ಒಂದು, ಓದುವುದಕ್ಕೆ ಇರುವ ಬರಹ, ಚಿತ್ರ, ಲೆಕ್ಕ. ಇನ್ನೊಂದು, ಮಾಡುವುದಕ್ಕೆ ಇರುವ ಆಜ್ಞೆಗಳು. ಇದಕ್ಕೆ ಪ್ರೋಗ್ರಾಮು ಎನ್ನುತ್ತಾರೆ. ಬರಹವನ್ನು ಯಂತ್ರ ತೋರಿಸುತ್ತದೆ, ಆಜ್ಞೆಯನ್ನು ಪಾಲಿಸುತ್ತದೆ. ಆಜ್ಞೆಗೆ ಬರಹದ ವೇಷ ಹಾಕಿ ಕಳಿಸುವುದೇ ಈ ವಂಚನೆಯ ಬೇರು. ಕಡತದ ಹೆಸರಿನ ಕೊನೆಯ ಚುಕ್ಕಿಯ ಮುಂದೆ ಬರುವ ಮೂರು ನಾಲ್ಕು ಅಕ್ಷರಗಳು ಅದರ ಜಾತಿಯನ್ನು ಹೇಳುತ್ತವೆ. ‘ಪಿಡಿಎಫ್’ ಎಂದರೆ ಓದುವ ಕಡತ, ‘ಇಎಕ್ಸ್‌ಇ’ ಎಂದರೆ ಆಜ್ಞೆಗಳ ಕಡತ. ನನಗೆ ಬಂದದ್ದರಲ್ಲಿ ಎರಡೂ ಇದ್ದುವು: ನಡುವೆ ಪಿಡಿಎಫ್, ಕೊನೆಗೆ ಇಎಕ್ಸ್‌ಇ. ವಿಂಡೋಸ್ ತನ್ನ ರೂಢಿಯಂತೆ ಕೊನೆಯದನ್ನು ಮರೆಮಾಡಿ ತೋರಿಸಿತು. ನಾನು ನಡುವಿನದನ್ನು ಕಂಡು ನಂಬಿದೆ. ಕಡತಗಳ ಪೂರ್ತಿ ಹೆಸರನ್ನು ತೋರಿಸುವಂತೆ ಒಂದು ಗುರುತು ಹಾಕಿಕೊಂಡಿದ್ದರೆ ಈ ವೇಷ ಅಲ್ಲಿಯೇ ಬಯಲಾಗುತ್ತಿತ್ತು.

ಇದೇನೂ ಹೊಸ ಉಪಾಯವಲ್ಲ. 2000ನೆಯ ಇಸವಿಯ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟ ಒಂದು ಪತ್ರ ಪ್ರೇಮಪತ್ರದ ವೇಷದಲ್ಲಿ ಲೋಕವನ್ನೆಲ್ಲ ಸುತ್ತಿತು. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ತಲೆಬರಹ. ಲಗತ್ತಿನ ಹೆಸರಿನಲ್ಲಿ ಕಣ್ಣಿಗೆ ಕಾಣುತ್ತಿದ್ದ ಬಾಲ ಬರಹದ್ದು, ಮರೆಯಾಗಿದ್ದ ಬಾಲ ಆಜ್ಞೆಯದು. ತೆರೆದವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅವರದೇ ಹೆಸರಿನಿಂದ ಅದು ತಾನಾಗಿಯೇ ಹೋಗುತ್ತಿತ್ತು. ಕೆಲವೇ ದಿನಗಳಲ್ಲಿ ಕೋಟಿಗಟ್ಟಲೆ ಯಂತ್ರಗಳು ಅದಕ್ಕೆ ಸಿಕ್ಕಿದುವು. ಮಾಡಿದವನು ಮನಿಲಾ ನಗರದ ಒಬ್ಬ ವಿದ್ಯಾರ್ಥಿ. ಆಗ ಆ ದೇಶದಲ್ಲಿ ಇಂಥ ಅಪರಾಧಕ್ಕೆ ಕಾನೂನೇ ಇರಲಿಲ್ಲವಾದ್ದರಿಂದ ಮೊಕದ್ದಮೆ ಬಿದ್ದುಹೋಯಿತು. ಅದೇ ವರ್ಷ ಅಕ್ಟೋಬರ್ 17ರಂದು ನಮ್ಮ ದೇಶದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದಿತು. ಇನ್ನೊಬ್ಬರ ಕಂಪ್ಯೂಟರಿಗೆ ವೈರಸ್ಸು ಹೊಗಿಸುವುದನ್ನು ಅದರ 43ನೆಯ ಕಲಮು ಹೆಸರಿಸುತ್ತದೆ. ಅಪ್ರಾಮಾಣಿಕತೆಯಿಂದ ಹಾಗೆ ಮಾಡಿದವರಿಗೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಆದರೆ ಪರಿಚಿತರ ಹೆಸರಿನಿಂದಲೇ ಬಂದರೆ ಏನು ಮಾಡುವುದು? ಇಲ್ಲಿ ನನಗೆ ಜೈಮಿನಿ ಭಾರತದ ಚಂದ್ರಹಾಸನ ಕಥೆ ನೆನಪಾಗುತ್ತದೆ. ಮಂತ್ರಿಯಾದ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಪತ್ರ ಬರೆದು, ತಂದವನಿಗೆ ವಿಷವನ್ನು ಕೊಡೆಂದು ತಿಳಿಸಿ, ಅದನ್ನು ಚಂದ್ರಹಾಸನ ಕೈಯಲ್ಲಿಯೇ ಕಳಿಸುತ್ತಾನೆ. ಹುಡುಗ ದಾರಿಯಲ್ಲಿ ಉದ್ಯಾನವನದಲ್ಲಿ ಮಲಗಿರುವಾಗ ಮಂತ್ರಿಯ ಮಗಳು ವಿಷಯೆ ಅದನ್ನು ಓದಿ, ಅಕ್ಷರ ತಿದ್ದಿ, ‘ವಿಷವನ್ನು’ ಎಂಬುದನ್ನು ‘ವಿಷಯೆಯನ್ನು’ ಎಂದು ಮಾಡುತ್ತಾಳೆ. ಕೊಲೆಯ ಕಾಗದ ಮದುವೆಯ ಕಾಗದವಾಗುತ್ತದೆ. ಈ ಕಥೆಯನ್ನು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅದರಲ್ಲಿದ್ದ ಎರಡು ಎಚ್ಚರಿಕೆಗಳು ನನಗೇ ಹೊಳೆಯಲಿಲ್ಲ. ಪತ್ರ ತಂದವನು ಒಳ್ಳೆಯವನೆಂದ ಮಾತ್ರಕ್ಕೆ ಪತ್ರ ಒಳ್ಳೆಯದಲ್ಲ; ತಾನು ಹೊತ್ತದ್ದು ಏನೆಂದು ಚಂದ್ರಹಾಸನಿಗೇ ಗೊತ್ತಿರಲಿಲ್ಲ. ನನ್ನ ಸ್ನೇಹಿತರಿಗೂ ಗೊತ್ತಿರಲಿಲ್ಲ. ಅವರ ಯಂತ್ರವೂ ನನ್ನದಕ್ಕಿಂತ ಮೊದಲೇ ಕೆಟ್ಟಿತ್ತು. ಇನ್ನೊಂದು, ಒಂದಕ್ಷರದ ವ್ಯತ್ಯಾಸದಲ್ಲಿ ಸಾವು ಬದುಕು ಅಡಗಿರುತ್ತದೆ. ಕಳಿಸಿದವರ ವಿಳಾಸದಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಇದೆಯೇ ಎಂದು ನೋಡುವ ತಾಳ್ಮೆ ಬೇಕು.

ಹಳೆಯ ಪತ್ರಕ್ಕೆ ಉತ್ತರವೆಂಬಂತೆ ಬರುವುದೂ ಬಲ್ಲವರಿಗೆ ತಿಳಿದ ತಂತ್ರವೇ. 2014ರಿಂದ ಲೋಕವನ್ನು ಕಾಡಿದ ‘ಎಮೋಟೆಟ್’ ಎಂಬ ಪಿಡುಗು ಜನರ ಪೆಟ್ಟಿಗೆಯಿಂದ ನಿಜವಾದ ಪತ್ರಗಳನ್ನು ಕದ್ದು, ಅವಕ್ಕೆ ಉತ್ತರವಾಗಿ ವಿಷದ ಲಗತ್ತನ್ನು ಕಳಿಸುತ್ತಿತ್ತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಕೂಡಿ ಅದರ ಜಾಲವನ್ನು ಮುರಿದರು. ಅದೇ ವರ್ಷ ನವೆಂಬರಿನಲ್ಲಿ ಅದು ಮತ್ತೆ ತಲೆಯೆತ್ತಿತು. ಆದುದರಿಂದ ನನ್ನ ಜೇವರ್ಗಿಯ ಸ್ನೇಹಿತರು ಮಾಡಿದ್ದೇ ಸರಿಯಾದ ಪರೀಕ್ಷೆ: ಕಳಿಸಿದವರಿಗೆ ಫೋನು ಮಾಡಿ ಕೇಳುವುದು. ಆ ಪತ್ರಕ್ಕೇ ಉತ್ತರ ಬರೆದು ಕೇಳಿದರೆ ಪ್ರಯೋಜನವಿಲ್ಲ. ಉತ್ತರ ಕೊಡುವವನು ಕಳ್ಳನೇ ಆಗಿರಬಹುದು.

ಇನ್ನು, ತೆರೆದುಬಿಟ್ಟಿದ್ದೇವೆ, ಮುಂದೇನು? ಗಾಬರಿಯಾಗಬೇಡಿ. ಪತ್ರವನ್ನು ಓದಿದ್ದು ಮಾತ್ರವೋ, ಲಗತ್ತನ್ನೂ ತೆರೆದಿರೋ ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳಿ. ಬರಿಯ ಪತ್ರ ಓದಿದ್ದರೆ ಅಪಾಯ ಬಹಳ ಕಡಿಮೆ. ಲಗತ್ತನ್ನು ತೆರೆದಿದ್ದರೆ, ಅಥವಾ ತೆರೆದ ಕಡತ ‘ಅನುಮತಿ ಕೊಡಿ’ ಎಂದು ಕೇಳಿ ನೀವು ಕೊಟ್ಟಿದ್ದರೆ, ಸೋಂಕು ತಗಲಿದೆ ಎಂದೇ ತಿಳಿದು ನಡೆಯುವುದು ಲೇಸು. ಏನೂ ಆಗಲಿಲ್ಲವೆಂದು ಸಮಾಧಾನಪಡಬೇಡಿ. ನಮ್ಮ ತೊಗರಿಯ ನೆಟೆರೋಗವನ್ನು ನೋಡಿ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನು ಕಟ್ಟುವಾಗ ಮೇಲೆ ಗಿಡ ಹಸುರಾಗಿಯೇ ಇರುತ್ತದೆ. ಹೂವು ಕಾಯಿಯ ಹೊತ್ತಿಗೆ ಬಾಡಿ ನಿಂತಾಗ ರೈತನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಯಂತ್ರದ ಸೋಂಕೂ ಹೀಗೆಯೇ. ಮೊದಲು ಗುಪ್ತವಾಗಿ ನಿಮ್ಮ ಗುಪ್ತಪದಗಳನ್ನು ಕದಿಯುತ್ತದೆ, ಆಮೇಲೆ ಮುಖ ತೋರಿಸುತ್ತದೆ.

ಮೊದಲನೆಯ ಕೆಲಸ, ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸುವುದು. ತಂತಿಯಿದ್ದರೆ ಕಿತ್ತುಬಿಡಿ, ವೈಫೈ ಇದ್ದರೆ ಆರಿಸಿ. ವಿಷ ಹೊರಗಿನ ಒಡೆಯನೊಡನೆ ಮಾತಾಡುವುದೂ, ಮನೆಯ ಇತರ ಯಂತ್ರಗಳಿಗೆ ಹರಡುವುದೂ ಇದರಿಂದ ನಿಲ್ಲುತ್ತದೆ. ಪೆನ್‌ಡ್ರೈವು, ಹೊರಗಿನ ಡಿಸ್ಕು ಹಚ್ಚಿದ್ದರೆ ತೆಗೆದಿಡಿ. ಹೊಸದಾಗಿ ಯಾವುದನ್ನೂ ಹಚ್ಚಬೇಡಿ. ಕಣ್ಣೆದುರಿಗೇ ಕಡತಗಳ ಹೆಸರು ಒಂದೊಂದಾಗಿ ಬದಲಾಗುತ್ತಿದ್ದರೆ ತಡಮಾಡದೆ ಯಂತ್ರವನ್ನೇ ಆರಿಸಿ, ಉಳಿದವಾದರೂ ಉಳಿದಾವು. ಕಚೇರಿಯ ಯಂತ್ರವಾದರೆ ಜಾಲದಿಂದ ಬಿಡಿಸಿ, ಬೇರೇನೂ ಮುಟ್ಟದೆ, ಅಲ್ಲಿಯ ಬಲ್ಲವರಿಗೆ ಒಪ್ಪಿಸಿ.

ಎರಡನೆಯದು, ಸೋಂಕಿಲ್ಲದ ಬೇರೊಂದು ಮೊಬೈಲು ಅಥವಾ ಕಂಪ್ಯೂಟರಿನಿಂದ ಗುಪ್ತಪದಗಳನ್ನು ಬದಲಾಯಿಸುವುದು. ಕೆಟ್ಟ ಯಂತ್ರದಲ್ಲಿಯೇ ಕೂತು ಹೊಸ ಗುಪ್ತಪದ ಬರೆದರೆ ಅದನ್ನು ಕಳ್ಳನ ಕೈಗೇ ಕೊಟ್ಟಂತೆ. ಮೊದಲು ಇ-ಮೇಲಿನದು, ಏಕೆಂದರೆ ಉಳಿದ ಎಲ್ಲ ಖಾತೆಗಳ ಕೀಲಿ ಮರೆತಾಗ ಹೊಸ ಕೀಲಿ ಬರುವುದು ಆ ಪೆಟ್ಟಿಗೆಗೇ. ಬಳಿಕ ಬ್ಯಾಂಕಿನದು, ಆಮೇಲೆ ಮಿಕ್ಕವು. ‘ಎಲ್ಲ ಕಡೆಯಿಂದ ಹೊರಬಾ’ ಎಂಬ ಅನುಕೂಲವಿದ್ದರೆ ಅದನ್ನು ಒತ್ತಿ. ಗುಪ್ತಪದವಿಲ್ಲದೆಯೂ ಒಳಗೆ ಕುಳಿತವನು ಇದರಿಂದ ಹೊರಬೀಳುತ್ತಾನೆ. ನಿಮ್ಮ ಪತ್ರಗಳನ್ನು ಬೇರೆಯವರಿಗೆ ಗುಟ್ಟಾಗಿ ರವಾನಿಸುವ ಏರ್ಪಾಡು ಸೇರಿದೆಯೇ, ನಿಮ್ಮದಲ್ಲದ ಫೋನು ನಂಬರು ಸೇರಿದೆಯೇ ಎಂದೂ ನೋಡಿ. ಮೊಬೈಲಿಗೆ ಬರುವ ಎರಡನೆಯ ಸಂಕೇತವಿಲ್ಲದೆ ಬಾಗಿಲು ತೆರೆಯದಂತೆ ಮಾಡಿಕೊಳ್ಳಿ.

ಮೂರನೆಯದು, ಹೇಳುವುದು. ನಿಮ್ಮ ಹೆಸರಿನಿಂದ ಪತ್ರ ಹೋಗಿರಬಹುದಾದವರಿಗೆಲ್ಲ ಫೋನಿನ ಮೂಲಕ ಹೇಳಿ. ಬ್ಯಾಂಕಿಗೆ ಹೇಳಿ. ಹಣ ಹೋಗಿದ್ದರೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಆ ಗಳಿಗೆಯೇ ಹೇಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಹಿಡಿಯುವುದು ಸಾಧ್ಯವಾದರೆ ಅದು ನಿಮ್ಮ ಬೇಗದಿಂದಲೇ. ಕೇಂದ್ರ ಸರ್ಕಾರದ ಸೈಬರ್ ಅಪರಾಧಗಳ ಜಾಲತಾಣದಲ್ಲಿಯೂ ದೂರು ಬರೆಯಬಹುದು. ಜಿಲ್ಲೆಯಲ್ಲಿ ಸೆನ್ ಎಂದು ಕರೆಯುವ ಪೊಲೀಸು ಠಾಣೆ ಇದಕ್ಕೆಂದೇ ಇದೆ. ಬಂದ ಪತ್ರವನ್ನು ಅಳಿಸಬೇಡಿ, ಪರದೆಯ ಚಿತ್ರ ತೆಗೆದಿಡಿ, ಅವು ಸಾಕ್ಷಿ.

ನಾಲ್ಕನೆಯದು, ಶುದ್ಧಿ. ಯಂತ್ರದಲ್ಲಿರುವ ರಕ್ಷಕ ಪ್ರೋಗ್ರಾಮಿನಿಂದ ಪೂರ್ತಿ ಶೋಧನೆ ಮಾಡಿಸಿ. ವಿಂಡೋಸ್ ಏಳುವುದಕ್ಕೆ ಮೊದಲೇ ನಡೆಯುವ ಶೋಧನೆಯ ಅನುಕೂಲ ಅದರ ಡಿಫೆಂಡರಿನಲ್ಲಿಯೇ ಉಂಟು; ಅಡಗಿದ ವಿಷ ಎಚ್ಚರಗೊಳ್ಳುವ ಮುಂಚೆಯೇ ಹಿಡಿಯಲು ಅದು ಮೇಲು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಇಂಥ ಸಾಧನಗಳನ್ನು ಬಿಟ್ಟಿಯಾಗಿ ಕೊಡುತ್ತದೆ. ಆದರೆ ಶೋಧನೆಯಲ್ಲಿ ಏನೂ ಸಿಗಲಿಲ್ಲವೆಂದರೆ ಏನೂ ಇಲ್ಲವೆಂದು ಅರ್ಥವಲ್ಲ. ಬ್ಯಾಂಕಿನ ವ್ಯವಹಾರ ನಡೆಸುವ ಯಂತ್ರವಾದರೆ ಬರಹಗಳನ್ನು ಮಾತ್ರ ತೆಗೆದಿಟ್ಟು, ಎಲ್ಲವನ್ನೂ ಒರಸಿ, ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ನಿಶ್ಚಿಂತೆಯ ದಾರಿ. ಮನೆಯಲ್ಲಿ ವಿಂಡೋಸ್ 10 ಇದ್ದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತೆಂಬುದನ್ನೂ ಗಮನದಲ್ಲಿಡಿ.

ಬೀಗದ ಹಣವನ್ನು ಕೊಡಬೇಡಿ. ಕೊಟ್ಟವರಿಗೆಲ್ಲ ಕೀಲಿ ಸಿಕ್ಕುತ್ತದೆಂಬ ಭರವಸೆಯಿಲ್ಲ. ಕೊಟ್ಟ ಹಣ ಮುಂದಿನ ಕಳ್ಳತನಕ್ಕೆ ಬೀಜವಾಗುತ್ತದೆ. 2016ರಲ್ಲಿ ನೆದರ್ಲೆಂಡ್ಸಿನ ಪೊಲೀಸರೂ ಯೂರೋಪೋಲ್ ಸಂಸ್ಥೆಯೂ ಕೆಲವು ಕಂಪನಿಗಳೂ ಸೇರಿ ‘ನೋ ಮೋರ್ ರಾನ್ಸಮ್’ ಎಂಬ ತಾಣ ತೆರೆದಿದ್ದಾರೆ. ಕಳ್ಳರಿಂದ ವಶವಾದ, ಅಥವಾ ಪಂಡಿತರು ಭೇದಿಸಿದ ಬೀಗಗಳ ಕೀಲಿಗಳು ಅಲ್ಲಿ ಬಿಟ್ಟಿ ಸಿಗುತ್ತವೆ. ಎಲ್ಲ ಬೀಗಕ್ಕೂ ಕೀಲಿ ಇಲ್ಲ; ಇಂದು ಇಲ್ಲದ್ದು ನಾಳೆ ಬಂದೀತು. ಆದುದರಿಂದ ಬೀಗ ಬಿದ್ದ ಕಡತಗಳನ್ನು ಎಸೆಯಬೇಡಿ.

ನಮ್ಮ ಹುಡುಗರು ಕೇಳುತ್ತಾರೆ: ಸರ್, ಈಗ ಇ-ಮೇಲ್ ಯಾರು ನೋಡುತ್ತಾರೆ, ಎಲ್ಲ ವಾಟ್ಸಾಪಿನಲ್ಲೇ ಅಲ್ಲವೆ ಎಂದು. ವಿಷಕ್ಕೆ ಪಾತ್ರೆಯ ಭೇದವಿಲ್ಲ. ಈಚಿನ ವರ್ಷಗಳಲ್ಲಿ ಮದುವೆಯ ಆಮಂತ್ರಣ, ವಾಹನದ ದಂಡದ ಚೀಟಿ, ಪಿಎಂ ಕಿಸಾನ್ ಹಣದ ಪಟ್ಟಿ ಎಂಬ ಹೆಸರುಗಳಲ್ಲಿ ಮೊಬೈಲಿಗೆ ಕಡತಗಳು ಬರುತ್ತಿವೆಯೆಂದು ಹಲವು ರಾಜ್ಯಗಳ ಪೊಲೀಸರು ಎಚ್ಚರಿಸಿದ್ದಾರೆ. ಹೆಸರಿನ ಕೊನೆಗೆ ‘ಎಪಿಕೆ’ ಎಂದಿದ್ದರೆ ಅದು ಪ್ರೋಗ್ರಾಮು. ಮದುವೆಯ ಕರೆಯೋಲೆಗೆ ಅಕ್ಷತೆ ಬೇಕು, ಅರಿಶಿನ ಬೇಕು. ಪ್ರೋಗ್ರಾಮು ಏಕೆ ಬೇಕು? ಒಳಗೆ ಸೇರಿದ್ದು ನಿಮ್ಮ ಬ್ಯಾಂಕಿನ ಗುಪ್ತ ಸಂಖ್ಯೆಯ ಸಂದೇಶವನ್ನು ಓದಬಲ್ಲದು. ತೆರೆದಿದ್ದರೆ ವಿಮಾನದ ಗುರುತನ್ನು ಒತ್ತಿ, ವೈಫೈಯನ್ನೂ ಆರಿಸಿ, ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ.

ಕೊನೆಯದಾಗಿ ಪ್ರತಿಯ ಮಾತು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ಇಂಥದೇ ಬೀಗ ಬಿದ್ದಿತು. ದಿನಗಟ್ಟಲೆ ರೋಗಿಗಳ ಹೆಸರನ್ನು ಕೈಯಿಂದ ಕಾಗದದ ಮೇಲೆ ಬರೆದುಕೊಳ್ಳಬೇಕಾಯಿತು. ಆದರೂ ಆಸ್ಪತ್ರೆಯ ದಾಖಲೆಗಳು ಮರಳಿ ಬಂದುವು. ಏಕೆಂದರೆ ಸೋಂಕು ತಗಲದ ಬೇರೊಂದು ಸರ್ವರಿನಲ್ಲಿ ಅವುಗಳ ಪ್ರತಿ ಇತ್ತು. ನನ್ನಲ್ಲಿಯೂ ಪ್ರತಿ ಇತ್ತು. ಆದರೆ ಅದು ಇದ್ದ ಡಿಸ್ಕು ವರ್ಷವಿಡೀ ಅದೇ ಯಂತ್ರಕ್ಕೆ ಅಂಟಿಕೊಂಡೇ ಇತ್ತು. ಮೂಲಕ್ಕೆ ಬಿದ್ದ ಬೀಗ ಪ್ರತಿಗೂ ಬಿದ್ದಿತು. ಭೀಮೆಯ ದಂಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಬಂದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿತು. ಒಂದೇ ಕೋಣೆಯಲ್ಲಿ ಎರಡು ಪೆಟ್ಟಿಗೆ ಕಾಳು ಇಟ್ಟವನಿಗೆ ಒಂದು ಪೆಟ್ಟಿಗೆಯೂ ಉಳಿಯಲಿಲ್ಲ. ಒಂದನ್ನು ಮಾಳಿಗೆಯ ಮೇಲಿಟ್ಟವನಿಗೆ ಬಿತ್ತಲು ಬೀಜವಾದರೂ ಉಳಿಯಿತು. ಬಲ್ಲವರ ಲೆಕ್ಕ ಹೀಗೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಅವುಗಳಲ್ಲಿ ಒಂದಾದರೂ ಯಂತ್ರಕ್ಕೆ ಹಚ್ಚದೆ ಬೀರುವಿನಲ್ಲಿ ಇರಬೇಕು.

ನನ್ನ ಹಾಡುಗಳ ಕಥೆಯೇನಾಯಿತೆಂದು ನೀವು ಕೇಳಬಹುದು. ಹಳೆಯ ನೋಟುಬುಕ್ಕುಗಳು ಇದ್ದುದರಿಂದ ಮೊದಲಿನವು ಉಳಿದುವು. ನಾಲ್ಕು ವರ್ಷ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕಳಿಸಿದ್ದ ಪ್ರತಿಯೊಂದು ಅವನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದರ ನಂತರದ ಸಂಗ್ರಹ ಹೋಯಿತು. ಅಫಜಲಪುರದ ಸ್ನೇಹಿತರ ಶಾಲೆಯಲ್ಲಿ ಅಂಕಗಳು ರಿಜಿಸ್ಟರಿನಲ್ಲಿ ಇದ್ದುವಾದ್ದರಿಂದ ಮಕ್ಕಳಿಗೆ ಕೇಡಾಗಲಿಲ್ಲ. ಆದರೆ ಅವರು ನನ್ನ ಸಲುವಾಗಿ ಎರಡು ವಾರ ರಾತ್ರಿ ಕೂತು ಎಲ್ಲವನ್ನೂ ಮತ್ತೆ ಬರೆದರು. ಕ್ಷಮೆ ಕೇಳಿದಾಗ ಅವರು ಅಂದದ್ದು ಇಷ್ಟೇ: “ಐತವಾರ ಒಂದ್ ಫೋನ್ ಮಾಡಿದ್ರ ಆಗ್ತಿತ್ತಲ್ರೀ ಸರ.”

ಹೋದವುಗಳಲ್ಲಿ ನೆಲೋಗಿಯ ಕಡೆಯ ಒಬ್ಬ ಅಜ್ಜಿಯ ಹನ್ನೊಂದು ಪದಗಳಿದ್ದುವು. ಧ್ವನಿಯನ್ನು ನಾನೇ ಅಳಿಸಿದ್ದೆ. ಬರಹಕ್ಕೆ ಬೀಗ ಬಿದ್ದಿದೆ. ಅಜ್ಜಿ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು. ಅವರ ಮನೆಗೆ ಹೋಗಿ ಸೊಸೆಯನ್ನು ಕೇಳಿದೆ. ಆಕೆ ರೊಟ್ಟಿ ಬಡಿಯುತ್ತ ಬಡಿಯುತ್ತ ನೆನಪು ಮಾಡಿಕೊಂಡು ನಾಲ್ಕು ಪದ ಹೇಳಿದರು. ಈ ಸಲ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಪ್ರತಿ ತೆಗೆದು ಅವರ ಮನೆಯಲ್ಲಿಯೇ ಕೊಟ್ಟುಬಂದೆ. ಮಿಕ್ಕ ಏಳು ಆ ಬೀಗದೊಳಗೆ ಇವೆ. ಆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಕೀಲಿ ಬಂದಿದೆಯೇ ಎಂದು ನೋಡುತ್ತೇನೆ.

ಈ ರಾತ್ರಿ ಊಟವಾದ ಮೇಲೆ ನಿಮ್ಮ ಮಕ್ಕಳನ್ನು ಕೂಡಿಸಿಕೊಂಡು ಎರಡು ಕೆಲಸ ಮಾಡಿ. ಮನೆಯ ಫೋಟೋಗಳ, ಕಾಗದಪತ್ರಗಳ ಒಂದು ಪ್ರತಿ ತೆಗೆದು, ತಂತಿ ಬಿಚ್ಚಿ, ಬೀರುವಿನಲ್ಲಿಡಿ. ಎರಡನೆಯದಾಗಿ, ನಮ್ಮಲ್ಲಿ ಯಾರಾದರೂ ತಪ್ಪಿ ಇಂಥದನ್ನು ತೆರೆದರೆ ಬಯ್ಯುವುದಿಲ್ಲ, ಆ ಕ್ಷಣವೇ ಹೇಳಬೇಕು ಎಂದು ಮಕ್ಕಳಿಗೆ ಮಾತು ಕೊಡಿ. ಬೈಗುಳಕ್ಕೆ ಅಂಜಿದ ಮಗು ಮುಚ್ಚಿಡುತ್ತದೆ. ಐವತ್ತು ದಾಟಿದ ಮೇಷ್ಟ್ರೇ ಮುಚ್ಚಿಟ್ಟನೆಂಬುದನ್ನು ನೀವು ಈಗ ಕೇಳಿದ್ದೀರಿ.